ದೊಡ್ಡ ಸ್ವಾಮಿಗಳು: ಅಬ್ಬೆ ದುಬ್ವಾ ಅವರ ಜೀವನ

ನಮ್ಮಜ್ಜಿಯ ಎಡತೋಳಿನ ಮೇಲೆ ಎರಡು ಗುಂಡು ಕಲೆಗಳಿವೆ. ಎಳೆಯ ವಯಸ್ಸಿನಲ್ಲಿ ಸರ್ಕಾರದವರು ಊರಿಗೆ ಬಂದು ದೇವಿ ಹಾಕಿದ ಗುರುತು ಅದು. ತುರುವೇಕೆರೆಯ ಸೀಮೆಯಲ್ಲಿ ಸಿಡುಬನ್ನು ಸಿಡುಬೆಂದು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು, ಮನೆಯಲ್ಲಿ ಒಗ್ಗರಣೆ ಹಾಕದಿರುವುದು, ಬೇನೆ ಇಳಿದ ಮೇಲೆ ಮಾರಮ್ಮನಿಗೆ ತಂಬಿಟ್ಟಿನ ಆರತಿ ಒಯ್ಯುವುದು, ಇವಿಷ್ಟೇ ಆಗ ಮನುಷ್ಯನ ಕೈಯಲ್ಲಿದ್ದ ಉಪಾಯಗಳು. ಇಂಡಿಯಾದಲ್ಲಿ ಈ ಬೇನೆ 1975ರಲ್ಲಿ ನಿಂತಿತು. 1980ರಲ್ಲಿ ಲೋಕದಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಜ್ಜಿಯ ತೋಳಿನ ಕಲೆಯನ್ನು ನೋಡಿದಾಗಲೆಲ್ಲ, ಮೈಸೂರು ಸೀಮೆಯಲ್ಲಿ ಈ ಸೂಜಿಯನ್ನು ಮೊಟ್ಟಮೊದಲಿಗೆ ಊರೂರಿಗೆ ಹೊತ್ತವರು ಯಾರಿರಬಹುದೆಂಬ ಕುತೂಹಲ ನನ್ನಲ್ಲಿ ಹುಟ್ಟುತ್ತಿತ್ತು. ಗ್ರಂಥಭಂಡಾರದಲ್ಲಿ ಹುಡುಕುತ್ತ ಹೋದ ನನಗೆ ಸಿಕ್ಕಿದ ಹೆಸರು ವೈದ್ಯನದಲ್ಲ, ಒಬ್ಬ ಪಾದ್ರಿಯದು: ಫ್ರೆಂಚ್ ದೇಶದ ರೋಮನ್ ಕ್ಯಾಥೊಲಿಕ್ ಗುರು ಅಬ್ಬೆ ದುಬ್ವಾ. ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತ ಅವರ ಹೆಬ್ಬೊತ್ತಗೆಯ ಹೆಸರನ್ನು ಚರಿತ್ರೆಯ ಉಪನ್ಯಾಸಕರು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು. ಆ ಪುಸ್ತಕದ ಕರ್ತೃವೇ ಈ ಸೂಜಿಯವರು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಹೆಸರಿನಿಂದಲೇ ಪ್ರಾರಂಭಿಸುತ್ತೇನೆ. ನಮ್ಮ ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅದೇ ಉಲಿಯ ಮಾತಿಗೆ ಅರ್ಥ ತಂದೆ. ಯೇಸುವಿನ ಮನೆಮಾತಾಗಿದ್ದ ಅರಾಮಿಕ್ ಭಾಷೆಯಿಂದ ಅದು ಬಂತಂತೆ. ಈ ತಾಯಿಹೆಸರಿನ ತಂದೆ ಹುಟ್ಟಿದ್ದು ಫ್ರಾನ್ಸಿನ ದಕ್ಷಿಣಕ್ಕಿರುವ ಆರ್ದೆಶ್ ಪ್ರಾಂತದ ಸಾಂ ರೆಮೇಸ್ ಎಂಬ ಹಳ್ಳಿಯಲ್ಲಿ, 1765–66ರ ಸುಮಾರಿಗೆ. ಜಾನ್ ಆಂತ್ವಾನ್ ದುಬ್ವಾ ಎಂಬುದು ಪೂರ್ಣನಾಮ. 1792ರಲ್ಲಿ ಗುರುಪಟ್ಟವಾಯಿತು. ಅದು ಫ್ರಾನ್ಸಿನಲ್ಲಿ ಪಾದ್ರಿಯಾಗುವ ಕಾಲವಾಗಿರಲಿಲ್ಲ. ಕ್ರಾಂತಿಯ ಸರ್ಕಾರವು ಇಗರ್ಜಿಯ ಆಸ್ತಿಯನ್ನು ವಶಪಡಿಸಿಕೊಂಡು, ಗುರುಗಳೆಲ್ಲರೂ ರೋಮಿನ ಪೋಪರಿಗಿಂತ ರಾಜ್ಯಕ್ಕೆ ಮೊದಲು ವಿಧೇಯರಾಗಬೇಕೆಂದು ಪ್ರಮಾಣವನ್ನು ಕೇಳುತ್ತಿತ್ತು. ಒಪ್ಪದವರಿಗೆ ಸೆರೆ, ಗಡೀಪಾರು, ಕೆಲವೆಡೆ ಮರಣ. ಅದೇ ವರ್ಷದ ಬೇಸಗೆಯಲ್ಲಿ ದುಬ್ವಾ ಅವರು ಪ್ಯಾರಿಸಿನ ವಿದೇಶ ಧರ್ಮಪ್ರಚಾರ ಸಂಘದ ಪರವಾಗಿ ಹಡಗು ಹತ್ತಿದರು. ಮತ್ತೆ ಸ್ವದೇಶವನ್ನು ಕಂಡದ್ದು ಮೂವತ್ತೊಂದು ವರ್ಷಗಳ ಮೇಲೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಪೋಪರಿಗೆ ವಿಧೇಯತೆ ಎಂಬ ಒಂದು ಮಾತಿಗಾಗಿ ಜನ ಪ್ರಾಣವನ್ನು ಏಕೆ ಕೊಡಬೇಕು? ನಮ್ಮ ತೆಂಗಿನ ನಾಡಿನ ಹಳ್ಳಿಗನಿಗೆ ಕ್ರೈಸ್ತರೆಂದರೆ ಎಲ್ಲರೂ ಒಂದೇ. ನಾನೂ ಹಾಗೆಯೇ ತಿಳಿದಿದ್ದೆ. ಕಾಲೇಜಿಗೆ ಬಂದ ಮೇಲೆ ಇಬ್ಬರು ಕ್ರೈಸ್ತ ಸ್ನೇಹಿತರಾದರು. ಮಗುವಿಗೆ ನೀರು ಹಾಕಿ ಹೆಸರಿಡುವ ವಿಧಿಯನ್ನು ಒಬ್ಬನು ಜ್ಞಾನಸ್ನಾನವೆಂದರೆ ಇನ್ನೊಬ್ಬನು ದೀಕ್ಷಾಸ್ನಾನವೆಂದನು. ಮೊದಲನೆಯವನ ಪಾದ್ರಿ ಸ್ವಾಮಿಗಳು, ಮದುವೆಯಾಗದವರು. ಎರಡನೆಯವನ ಪಾದ್ರಿ ಅಯ್ಯನವರು, ಮಡದಿ ಮಕ್ಕಳುಳ್ಳವರು. ಒಬ್ಬನು ಭಾನುವಾರ ಬಲಿಪೂಜೆಗೆ ಹೋಗುತ್ತಾನೆ, ಇನ್ನೊಬ್ಬನು ಆರಾಧನೆಗೆ. ಹೆಸರಿನ ಈ ಭೇದದ ಹಿಂದೆ ನಾಲ್ಕೈದು ಶತಮಾನಗಳ ಜಗಳವಿದೆಯೆಂದು ನನಗೆ ಗೊತ್ತಾದದ್ದು ದುಬ್ವಾ ಅವರ ಜೀವನವನ್ನು ಓದಿದಾಗಲೇ.

ದೇವರು ಒಬ್ಬನೇ, ತಂದೆ ಮಗ ಪವಿತ್ರಾತ್ಮ ಎಂಬ ಮೂರು ಸ್ವರೂಪಗಳಲ್ಲಿ ಇರುವವನು. ಮಗನಾದ ಯೇಸುವು ಮನುಷ್ಯನಾಗಿ ಹುಟ್ಟಿ, ಮನುಷ್ಯರ ಪಾಪಕ್ಕಾಗಿ ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದನು. ಈ ಮಾತಿನಲ್ಲಿ ಹೆಚ್ಚುಕಡಮೆ ಎಲ್ಲ ಕ್ರೈಸ್ತ ಪಂಗಡಗಳೂ ಒಂದು. 325ರಲ್ಲಿ ನಿಸೀಯ ಎಂಬ ಊರಿನಲ್ಲಿ ಕೂಡಿದ ಮಹಾಸಭೆ ಈ ನಂಬಿಕೆಗೆ ಸೂತ್ರರೂಪವನ್ನು ಕೊಟ್ಟಿತು. ಮೊದಲ ದೊಡ್ಡ ಬಿರುಕು 1054ರದು. ರೋಮಿನ ಪೋಪರು ಎಲ್ಲರಿಗೂ ಮೇಲೋ, ಸಮಾನರಲ್ಲಿ ಹಿರಿಯರು ಮಾತ್ರವೋ ಎಂಬ ಪ್ರಶ್ನೆಯಲ್ಲಿ ಪೂರ್ವದ ಗ್ರೀಕ್ ಸಭೆ ಬೇರೆಯಾಯಿತು. ಎರಡನೆಯದು 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಎಬ್ಬಿಸಿದ್ದು. ಪಾಪಕ್ಷಮೆಯ ಪತ್ರಗಳನ್ನು ಹಣಕ್ಕೆ ಮಾರುವುದನ್ನು ಕಂಡು ರೇಗಿದ ಆತ, ಮನುಷ್ಯನು ಉದ್ಧಾರವಾಗುವುದು ದೇವರ ಕೃಪೆಯನ್ನು ನಂಬುವುದರಿಂದಲೇ ಹೊರತು ತನ್ನ ಪುಣ್ಯಕಾರ್ಯಗಳ ಲೆಕ್ಕದಿಂದಲ್ಲ, ಮತದ ವಿಷಯದಲ್ಲಿ ಕಡೆಯ ಪ್ರಮಾಣ ಬೈಬಲೇ ಹೊರತು ಪೋಪರಲ್ಲ ಎಂದು ಸಾರಿದ. ಇವರೇ ಪ್ರಾಟೆಸ್ಟೆಂಟರು. ಜಿನೀವದಲ್ಲಿ ಕ್ಯಾಲ್ವಿನ್ ಇದನ್ನು ಇನ್ನೂ ಬಿಗಿಮಾಡಿದ. ಇಂಗ್ಲೆಂಡಿನಲ್ಲಿ 1534ರಲ್ಲಿ ಅರಸನೇ ಪೋಪರನ್ನು ಬಿಟ್ಟು ಆಂಗ್ಲಿಕನ್ ಸಭೆಗೆ ತಾನೇ ತಲೆಯಾದ. ಆ ಸಭೆಯೊಳಗಿನ ಆಲಸ್ಯಕ್ಕೆ ಬೇಸತ್ತು, ನಂಬಿಕೆಯೆಂಬುದು ಪ್ರತಿಯೊಬ್ಬನ ಎದೆಯಲ್ಲಿ ಅನುಭವವಾಗಿ ಹತ್ತಿಕೊಳ್ಳಬೇಕೆಂದು ಬಯಲಲ್ಲಿ ನಿಂತು ಬೋಧಿಸಿದ ಜಾನ್ ವೆಸ್ಲಿಯಿಂದ ಹದಿನೆಂಟನೆಯ ಶತಮಾನದಲ್ಲಿ ಮೆಥಡಿಸ್ಟರಾದರು.

ಕ್ಯಾಥೊಲಿಕರ ದೃಷ್ಟಿ ಬೇರೆ. ಅವರಿಗೆ ಬೈಬಲು ಪ್ರಮಾಣವೇ ಸರಿ, ಆದರೆ ಅದನ್ನು ಕಾಪಾಡಿ ಅರ್ಥ ಹೇಳುತ್ತ ಬಂದ ಧರ್ಮಸಭೆಯ ಪರಂಪರೆಯೂ ಪ್ರಮಾಣ. ಜ್ಞಾನಸ್ನಾನದಿಂದ ರೋಗಿಯ ಅಭ್ಯಂಜನದವರೆಗೆ ಏಳು ಸಂಸ್ಕಾರಗಳು. ಪ್ರಾಟೆಸ್ಟೆಂಟರು ಬಹುಮಟ್ಟಿಗೆ ಎರಡನ್ನೇ ಉಳಿಸಿಕೊಂಡರು. ಬಲಿಪೂಜೆಯ ರೊಟ್ಟಿಯೂ ದ್ರಾಕ್ಷಾರಸವೂ ಗುರುವಿನ ಮಂತ್ರದಿಂದ ಯೇಸುವಿನ ದೇಹವೂ ರಕ್ತವೂ ನಿಜವಾಗಿ ಆಗುತ್ತವೆಂದು ಕ್ಯಾಥೊಲಿಕರು ನಂಬುತ್ತಾರೆ. ಮರಿಯಮ್ಮನವರನ್ನೂ ಸಂತರನ್ನೂ ತಮಗಾಗಿ ಬೇಡಿರೆಂದು ಕೇಳಿಕೊಳ್ಳುತ್ತಾರೆ. ವಿಗ್ರಹ, ಧೂಪ, ದೀಪ, ಮೆರವಣಿಗೆ ಎಲ್ಲಕ್ಕೂ ಅಲ್ಲಿ ಎಡೆಯುಂಟು. ಪ್ರಾಟೆಸ್ಟೆಂಟರ ದೇವಾಲಯ ಬೋಳುಗೋಡೆ. ಅಲ್ಲಿ ಮುಖ್ಯವಾದದ್ದು ಪುಸ್ತಕ ಮತ್ತು ಉಪದೇಶ. ಒಂದು ಕಣ್ಣಿನ ಮತ, ಇನ್ನೊಂದು ಕಿವಿಯ ಮತ ಎಂದು ನನ್ನ ಮನಸ್ಸಿಗೆ ತೋಚಿತು. ದೇವತಾಶಾಸ್ತ್ರ ಬಲ್ಲವರು ನಕ್ಕರೆ ನಗಲಿ.

ದುಬ್ವಾ ಅವರು ಪಾಂಡಿಚೇರಿಗೆ ಬಂದಿಳಿದಾಗ ದಕ್ಷಿಣದಲ್ಲಿ ಕ್ಯಾಥೊಲಿಕ್ ಮತಕ್ಕೆ ಆಗಲೇ ದೀರ್ಘ ಚರಿತ್ರೆಯಿತ್ತು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ದಿ ನೊಬಿಲಿ ಎಂಬ ಜೆಸ್ಯುಟ್ ಪಾದ್ರಿ ಕಾವಿ ಉಟ್ಟು, ಮಾಂಸವನ್ನು ಬಿಟ್ಟು, ಸಂನ್ಯಾಸಿಯಂತೆ ಬಾಳಿದ. 1648ರ ಸುಮಾರಿಗೆ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಜೆಸ್ಯುಟನು ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು, ಕನ್ನಡಕ್ಕೊಂದು ವ್ಯಾಕರಣವನ್ನೂ ಬರೆದ. ದೇಶಾಚಾರಗಳನ್ನು ಕ್ರೈಸ್ತರು ಎಷ್ಟರಮಟ್ಟಿಗೆ ಇಟ್ಟುಕೊಳ್ಳಬಹುದೆಂಬುದರ ಮೇಲೆ ರೋಮಿನಲ್ಲಿ ದೊಡ್ಡ ವ್ಯಾಜ್ಯವೆದ್ದು, 1744ರಲ್ಲಿ ಪೋಪರು ಆ ಆಚಾರಗಳಲ್ಲಿ ಹಲವನ್ನು ಖಂಡಿತವಾಗಿ ನಿಷೇಧಿಸಿದರು. ಪಾದ್ರಿಗಳೆಲ್ಲ ಹಾಗೆ ನಡೆಯುತ್ತೇವೆಂದು ಪ್ರಮಾಣ ಮಾಡಬೇಕಾಯಿತು. 1773ರಲ್ಲಿ ಜೆಸ್ಯುಟ್ ಸಂಘವೇ ರದ್ದಾಯಿತು. ಅವರು ಬಿಟ್ಟುಹೋದ ಹೊಲದ ಬೇಸಾಯ ಪ್ಯಾರಿಸಿನ ಸಂಘದ ಪಾಲಿಗೆ ಬಂತು. ಮಳೆ ಹೋದ ಮೇಲೆ ಬಿತ್ತುವುದಕ್ಕೆ ಬಂದವನ ಸ್ಥಿತಿ ನಮ್ಮ ದುಬ್ವಾ ಅವರದು.

ಅವರೂ ನೊಬಿಲಿಯ ದಾರಿಯನ್ನೇ ಹಿಡಿದರು. ತಲೆಗೆ ರುಮಾಲು, ಮೈಗೆ ಬಿಳಿಯ ನಿಲುವಂಗಿ, ಇಳಿಬಿದ್ದ ಗಡ್ಡ. ಊಟ ಉಪಚಾರ ದೇಶದವರದೇ. ಯೂರೋಪಿಯನರ ಸಹವಾಸವನ್ನು ಆದಷ್ಟು ಬಿಟ್ಟು ಹಳ್ಳಿಗರ ನಡುವೆ ಇದ್ದರು. ಮೊದಲಿಗೆ ತಮಿಳು ಸೀಮೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರು ಮೈಸೂರಿಗೆ ಬಂದರು. ಟೀಪು ಸುಲ್ತಾನರು 1784ರಲ್ಲಿ ಕೆನರಾ ಸೀಮೆಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಅನೇಕರನ್ನು ಮತಾಂತರ ಮಾಡಿಸಲಾಗಿತ್ತು. ಅಳಿದುಳಿದವರನ್ನು ಒಟ್ಟುಗೂಡಿಸಿ ಮತ್ತೆ ಸಭೆಗೆ ಸೇರಿಸಿಕೊಳ್ಳುವ ಕೆಲಸ ಇವರ ಪಾಲಿಗೆ ಬಂತು. ಅವರಿಗೆ ಮತದಷ್ಟೇ ಅನ್ನದ ಚಿಂತೆಯೂ ಹತ್ತಿತು. ಹಾಸನದ ಬಳಿ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳನ್ನು ನೆಲೆಗೊಳಿಸಿ ಬೇಸಾಯಕ್ಕೆ ಹಚ್ಚಿದರು. ಆ ಸೀಮೆಯ ಕ್ರೈಸ್ತರು ಈಗಲೂ ಹೊಲ ಗದ್ದೆಗಳ ಜನ, ಮನೆಮಾತು ಕನ್ನಡ.

ಇನ್ನು ಸಿಡುಬಿನ ವಿಷಯ. ಇಂಗ್ಲೆಂಡಿನ ಜೆನ್ನರ್ ಎಂಬ ವೈದ್ಯ ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು 1796ರಲ್ಲಿ ಕಂಡುಕೊಂಡಿದ್ದ. ಆ ರಸ ಬಾಗ್ದಾದಿನ ಮಾರ್ಗವಾಗಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ದಾಟುತ್ತ, 1802ರ ಜೂನ್ ತಿಂಗಳಲ್ಲಿ ಮುಂಬಯಿಗೆ ಬಂತು. ಅಲ್ಲಿ ಮೊದಲು ಪಡೆದವಳು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಗಾಜಿನ ಶೀಶೆಯಲ್ಲಿ ರಸ ಉಳಿಯುತ್ತಿರಲಿಲ್ಲ. ದೇವಿ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ವಾರದ ಮೇಲೆ ಏಳುವ ಗುಳ್ಳೆಯೇ ಮುಂದಿನ ಮಗುವಿಗೆ ಔಷಧಿ. ಎಂದ ಮೇಲೆ ಕಷ್ಟ ಎಲ್ಲಿತ್ತೆಂಬುದನ್ನು ವಾಚಕರು ಊಹಿಸಬಹುದು: ಯಾವ ಜಾತಿಯ ಮಗುವಿನ ಮೈರಸ ಯಾವ ಜಾತಿಯ ಮಗುವಿನ ಮೈಗೆ? ಜೊತೆಗೆ, ಅಮ್ಮನ ಇಚ್ಛೆಗೆ ಅಡ್ಡ ಬಂದರೆ ಆಕೆ ಸುಮ್ಮನಿರುವಳೆ? ಕಂಪನಿಯ ಅಧಿಕಾರಿ ಹೋಗಿ ಹೇಳಿದರೆ ಬಾಗಿಲು ಮುಚ್ಚುವ ಜನ, ರುಮಾಲು ಸುತ್ತಿ ತಮ್ಮ ಮಾತಿನಲ್ಲೇ ಮಾತಾಡುವ ದೊಡ್ಡ ಸ್ವಾಮಿಗಳ ಮುಂದೆ ಮಗುವಿನ ತೋಳನ್ನು ಚಾಚಿಸಿದರು. 1803–04ರಲ್ಲಿ ಅವರು ಹೀಗೆ ದೇವಿ ಹಾಕಿಸಿದವರ ಸಂಖ್ಯೆ 25,000ವನ್ನು ಮೀರಿತು. ಆ ಹೊತ್ತಿಗೆ ಮೈಸೂರರಮನೆಯಲ್ಲೂ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಅನುಕೂಲವಾಯಿತು. ದೊಡ್ಡ ಸ್ವಾಮಿಗಳೆಂಬುದು ಜನರೇ ಇಟ್ಟ ಹೆಸರು. ಅವರು ದೇಶ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಮೈಸೂರು ಸೀಮೆಯಲ್ಲಿ ಆ ಹೆಸರು ಕೇಳಿಬರುತ್ತಿತ್ತೆಂದು ಅವರ ಪುಸ್ತಕವನ್ನು ಇಂಗ್ಲಿಷಿಗೆ ತಂದ ಬೋಷಾಂ ಬರೆದಿದ್ದಾರೆ.

ಆ ಪುಸ್ತಕದ ಕಥೆಗೆ ಈಗ ಬರುತ್ತೇನೆ, ಸ್ವಲ್ಪ ಸಂಕೋಚದಿಂದಲೇ. ಹಿಂದೂ ಜನರ ನಡೆನುಡಿ, ಸಂಸ್ಕಾರ, ಜಾತಿಕಟ್ಟುಗಳನ್ನು ವಿವರವಾಗಿ ಬರೆದ ಹಸ್ತಪ್ರತಿಯನ್ನು ಅವರು 1806ರಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಕೈಗೆ ಕೊಟ್ಟರು. ಮದರಾಸಿನ ಗವರ್ನರ್ ಬೆಂಟಿಂಕ್ ಮರುವರ್ಷ ಕಂಪನಿಯ ಪರವಾಗಿ ಅದನ್ನು 2,000 ವರಹಗಳಿಗೆ ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ರೂಪ ಅಚ್ಚಾಯಿತು. ತಿದ್ದಿ ಬೆಳೆಸಿದ ಫ್ರೆಂಚ್ ಪುಸ್ತಕ 1825ರಲ್ಲಿ ಪ್ಯಾರಿಸಿನಲ್ಲಿ. ಅದರಿಂದ ಬೋಷಾಂ ಮಾಡಿದ ಅನುವಾದ 1897ರಲ್ಲಿ, ಮ್ಯಾಕ್ಸ್ ಮುಲ್ಲರರ ಮುಮ್ಮಾತಿನೊಡನೆ. ಒಂದು ಶತಮಾನ ಇಂಗ್ಲಿಷ್ ಅಧಿಕಾರಿಗಳು ಇದರ ಕನ್ನಡಕದಿಂದಲೇ ನಮ್ಮನ್ನು ನೋಡಿದರು. ಓದುವಾಗ ನನ್ನ ಮೈ ಅನೇಕ ಕಡೆ ಉರಿಯಿತು. ನಮ್ಮ ಮನೆಯಲ್ಲಿ ಉಂಡು, ನಮ್ಮ ಜಗಲಿಯಲ್ಲಿ ಮಲಗಿ, ನಮ್ಮ ಮಕ್ಕಳನ್ನು ಉಳಿಸಿದ ಮನುಷ್ಯ ನಮ್ಮ ದೇವರನ್ನೂ ಪೂಜೆಯನ್ನೂ ಕುರಿತು ಹೀಗೆ ತಾತ್ಸಾರದಿಂದ ಬರೆಯಬಹುದೆ? ಸ್ನೇಹಿತರಿಬ್ಬರೊಡನೆ ಇದರ ಮೇಲೆ ಒಂದು ಸಂಜೆಯೆಲ್ಲ ವಾದವಾಯಿತು.

ಇನ್ನೊಂದು ಕಹಿ ಸಂಗತಿ 1970ರ ದಶಕದಲ್ಲಿ ಬೆಳಕಿಗೆ ಬಂತು. ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದ್ವಾಂಸೆ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ, ದುಬ್ವಾ ಅವರ ಪುಸ್ತಕದ ದೊಡ್ಡ ಭಾಗ 1779ರಲ್ಲಿ ತೀರಿಕೊಂಡ ಕೂರ್ದು ಎಂಬ ಜೆಸ್ಯುಟ್ ಪಾದ್ರಿಯ ಬರೆಹದಿಂದ ಎತ್ತಿಕೊಂಡದ್ದೆಂದು ತೋರಿಸಿದರು. ಈ ಕೂರ್ದು ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಲ್ಯಾಟಿನ್ ಗ್ರೀಕುಗಳಿಗೂ ನಂಟಿದೆಯೆಂದು 1767ರಲ್ಲೇ ಬರೆದವರು. ಅವರ ಹೆಸರನ್ನು ದುಬ್ವಾ ಹೇಳಲಿಲ್ಲ. ಆ ಕಾಲದಲ್ಲಿ ಹಿಂದಿನ ಪಾದ್ರಿಗಳ ಟಿಪ್ಪಣಿಗಳು ಸಂಘದ ಸಾಮಾನ್ಯ ಸೊತ್ತಿನಂತೆ ಕೈಯಿಂದ ಕೈಗೆ ಹೋಗುತ್ತಿದ್ದುವೆಂದು ಸಮಾಧಾನ ಹೇಳಬಹುದು. ಆದರೆ 2,000 ವರಹ ಪಡೆದವರು ಒಬ್ಬರೇ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದರೆ ನಮಗೇನಾಗುತ್ತದೆಂಬುದು ನಮ್ಮ ಕಾಲೇಜಿನಲ್ಲಿ ಎಲ್ಲರೂ ಬಲ್ಲರು. ಅವರ ಇನ್ನೊಂದು ಕೆಲಸ ಮಾತ್ರ ನಿಸ್ಸಂದೇಹವಾಗಿ ಮೆಚ್ಚತಕ್ಕದ್ದು: ತಮಿಳು, ತೆಲುಗು ಮತ್ತು ಕನ್ನಡದ ಮೂರು ಪ್ರತಿಗಳನ್ನು ಹೋಲಿಸಿ ಪಂಚತಂತ್ರವನ್ನು ಅವರು ಫ್ರೆಂಚಿಗೆ ತಂದರು. 1826ರಲ್ಲಿ ಅದು ಪ್ಯಾರಿಸಿನಲ್ಲಿ ಅಚ್ಚಾಯಿತು.

ಅವರ ಬಾಳಿನ ನಿಜವಾದ ಸಂಕಟ ಪುಸ್ತಕದಲ್ಲಿಲ್ಲ, ಇಂಗ್ಲಿಷಿನಲ್ಲಿ ಬರೆದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿದೆ. 1813ರ ಶಾಸನದಿಂದ ಕಂಪನಿಯ ರಾಜ್ಯದಲ್ಲಿ ಮಿಷನರಿಗಳಿಗೆ ಬಾಗಿಲು ತೆರೆದಿತ್ತು. ಪ್ರಾಟೆಸ್ಟೆಂಟರ ಉತ್ಸಾಹಕ್ಕೆ ಮೇರೆಯಿರಲಿಲ್ಲ. 1810ರಲ್ಲೇ ಬಳ್ಳಾರಿಗೆ ಬಂದಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. ಲೂಥರನ ಮಕ್ಕಳಿಗೆ ಇದೇ ಮೊದಲ ಕೆಲಸ: ದೇವರ ಮಾತು ಪ್ರತಿಯೊಬ್ಬನ ಕೈಗೆ ಅವನ ಭಾಷೆಯಲ್ಲೇ ಸಿಕ್ಕಲಿ, ಮಿಕ್ಕದ್ದನ್ನು ಆ ಮಾತೇ ಮಾಡುತ್ತದೆ. ದುಬ್ವಾ ಅವರು ಅಡ್ಡ ನಿಂತರು. ಪೂರ್ವಸಿದ್ಧತೆಯಿಲ್ಲದವನ ಕೈಗೆ ಬರಿಯ ಪುಸ್ತಕವನ್ನು ಕೊಟ್ಟರೆ ಅವನು ಅದನ್ನು ತನ್ನ ಆಚಾರದ ಅಳತೆಗೋಲಿನಿಂದ ಅಳೆಯುತ್ತಾನೆ. ಹಬ್ಬಕ್ಕೆ ಕೊಬ್ಬಿದ ಕರುವನ್ನು ಕೊಯ್ಯುವ ಕಥೆ ಓದಿದ ಬ್ರಾಹ್ಮಣನೋ ಲಿಂಗವಂತನೋ ಮುಂದಿನ ಪುಟವನ್ನು ತಿರುವುವನೆ? ದೇಶಭಾಷೆಗಳಿಗೆ ಆದ ಅನುವಾದಗಳ ಭಾಷೆಯಂತೂ ವಿದ್ಯಾವಂತರು ನಗುವ ಹಾಗಿದೆ. ಇದು ಅವರ ವಾದದ ಸಾರ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಗ್ರಹ, ದೀಪ, ಮೆರವಣಿಗೆಗಳುಳ್ಳ ಕ್ಯಾಥೊಲಿಕ್ ಪೂಜೆಯೇ ಹಿಂದೂಗಳ ಮನಸ್ಸಿಗೆ ಹತ್ತಿರ, ಅದಕ್ಕೇ ಒಲಿಯದವರು ಬೋಳುಗೋಡೆಯ ಮತಕ್ಕೆ ಒಲಿಯುವುದುಂಟೆ ಎಂದರು. ತುರುವೇಕೆರೆಯಲ್ಲಿ ಬೇಟೆರಾಯಸ್ವಾಮಿಯ ತೇರು ಎಳೆಯುವ ದಿನ ಜನ ಬಾಳೆಹಣ್ಣು ಎಸೆಯುವುದನ್ನು ಕಂಡವರಿಗೆ ಈ ಮಾತಿನಲ್ಲಿ ಅರ್ಥವಿಲ್ಲವೆಂದು ತೋರುವುದಿಲ್ಲ.

ಆದರೆ ಅದೇ ಪತ್ರಗಳಲ್ಲಿ ಅವರು ತಮ್ಮನ್ನೂ ಬಿಡಲಿಲ್ಲ. ಇಷ್ಟು ವರ್ಷ ದುಡಿದು, ದೇಶೀಯ ಪಾದ್ರಿಯೊಬ್ಬನ ಸಹಾಯವಿದ್ದೂ ತಾವು ಹೊಸದಾಗಿ ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಜನ. ಅವರಲ್ಲೂ ನಿಜವಾದ ನಂಬಿಕೆಯಿಂದ ಬಂದವರು ಇಲ್ಲವೇ ಇಲ್ಲವೆನ್ನುವಷ್ಟು ಕಡಮೆ ಎಂದು ಲೆಕ್ಕ ಒಪ್ಪಿಸಿದರು. ಹಿಂದೂಗಳು ಕ್ರೈಸ್ತರಾಗುವ ಕಾಲ, ಹಿಂದೆ ಒಂದಿದ್ದರೆ, ಕಳೆದುಹೋಯಿತೆಂದು ತೀರ್ಮಾನಿಸಿದರು. ದಿಕ್ಕಿಲ್ಲದ ಬಡವರೇ ಬಂದರೆಂದು ಅವರು ಹೇಳುವ ಧ್ವನಿ ನನಗೆ ಹಿಡಿಸಲಿಲ್ಲ. ಬಡವನ ನಂಬಿಕೆ ನಂಬಿಕೆಯಲ್ಲವೆ? ಹಾಗಿದ್ದೂ, ತಾನು ಪ್ರಾಣಕ್ಕಿಂತ ಹೆಚ್ಚೆಂದು ಎಣಿಸಿ ಕೈಕೊಂಡ ಕೆಲಸ ಕೈಗೂಡಲಿಲ್ಲವೆಂದು ಲೋಕದ ಮುಂದೆ ಬರೆದುಕೊಡುವ ಎದೆಗಾರಿಕೆ ಎಷ್ಟು ಜನಕ್ಕಿದೆ? ಪ್ರಾಟೆಸ್ಟೆಂಟರು ರೇಗಿದರು. ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಎಂಬಿಬ್ಬರು ಒಡನೆಯೇ ಉತ್ತರವಾಗಿ ಪುಸ್ತಕಗಳನ್ನು ಬರೆದರು. ಸೋಲು ಮತದ್ದಲ್ಲ, ಬೈಬಲನ್ನು ಬಚ್ಚಿಟ್ಟುಕೊಂಡ ರೋಮಿನದು ಎಂಬುದು ಅವರ ಪಕ್ಷ.

1823ರ ಜನವರಿ ತಿಂಗಳಲ್ಲಿ ದುಬ್ವಾ ಅವರು ಇಂಡಿಯಾವನ್ನು ಬಿಟ್ಟರು. ಹಡಗಿನ ಖರ್ಚನ್ನು ಕಂಪನಿಯೇ ಕೊಟ್ಟು ಪಿಂಚಣಿಯನ್ನೂ ಗೊತ್ತುಮಾಡಿತು. ಪ್ಯಾರಿಸಿಗೆ ಹೋಗಿ ತಮ್ಮನ್ನು ಕಳುಹಿಸಿದ ಸಂಘದಲ್ಲೇ ಹೊಸ ಪಾದ್ರಿಗಳನ್ನು ತಯಾರುಮಾಡುವ ಕೆಲಸಕ್ಕೆ ಸೇರಿದರು. 1836ರಿಂದ ಮೂರು ವರ್ಷ ಅದರ ಮುಖ್ಯಸ್ಥರೂ ಆಗಿದ್ದರು. ಕ್ರೈಸ್ತಮತ ಇಂಡಿಯಾದಲ್ಲಿ ಬೇರೂರದೆಂದು ಬರೆದ ಕೈಯಿಂದಲೇ ಇಂಡಿಯಾಕ್ಕೆ ಹೊರಟ ತರುಣರನ್ನು ಹರಸುತ್ತಿದ್ದಾಗ ಅವರ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೋ! 1848ರ ಫೆಬ್ರವರಿ 17ರಂದು, ಪ್ಯಾರಿಸಿನಲ್ಲಿ ಇನ್ನೊಂದು ಕ್ರಾಂತಿ ಸಿಡಿಯುವುದಕ್ಕೆ ಕೆಲವೇ ದಿನ ಮುಂಚೆ, ತೀರಿಕೊಂಡರು.

ಇತ್ತ ಅವರು ಆಗದೆಂದ ಕೆಲಸ ನಮ್ಮ ಪಕ್ಕದಲ್ಲೇ ಆರಂಭವಾಗಿತ್ತು. 1837ರಲ್ಲಿ ವೆಸ್ಲಿಯನ್ ಮಿಷನ್ನಿನವರು, ಎಂದರೆ ಮೆಥಡಿಸ್ಟರು, ಗುಬ್ಬಿಯಲ್ಲಿ ನೆಲೆಯೂರಿದರು. 1839ರಲ್ಲಿ ಅಲ್ಲಿಗೆ ಬಂದ ಇಪ್ಪತ್ತು ವರ್ಷದ ಐರಿಷ್ ತರುಣ ವಿಲಿಯಂ ಆರ್ಥರ್ ಕಣ್ಣುಬೇನೆಯಿಂದ ಎರಡು ವರ್ಷದಲ್ಲೇ ಹಿಂತಿರುಗಿದರೂ ಆ ಊರಿನ ಬಾಳನ್ನು ಕುರಿತು 1847ರಲ್ಲಿ ಒಂದು ಪುಸ್ತಕ ಬರೆದರು. ಸಂತೆಯಲ್ಲಿ ನಿಂತು ಕನ್ನಡದಲ್ಲಿ ಬೋಧಿಸುವುದು, ಶಾಲೆ ತೆರೆಯುವುದು, ಅಚ್ಚುಕೂಟ ಹಾಕುವುದು ಇವರ ಕ್ರಮ. ಜನ ಮತಕ್ಕೆ ಹೆಚ್ಚಾಗಿ ಬರಲಿಲ್ಲ, ಶಾಲೆಗೆ ಬಂದರು. ಲೆಕ್ಕದಲ್ಲಿ ದುಬ್ವಾ ಅವರು ಗೆದ್ದರೆಂದೇ ಹೇಳಬೇಕು. ಆದರೆ ಅವರು ಹೀಗಳೆದ ಕನ್ನಡ ಬೈಬಲಿನ ಕೆಲಸದಿಂದ ಕನ್ನಡದ ಅಚ್ಚಿನ ಮೊಳೆಗಳು ತಿದ್ದಿಕೊಂಡುವು, ನಿಘಂಟುಗಳು ಹುಟ್ಟಿದುವು. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನಿಂದ ಕಿಟ್ಟೆಲ್ ಅವರು ನಮಗೆ ದೊರೆತದ್ದನ್ನು ಯಾರು ಮರೆಯುವರು?

ಆಮೇಲೆ ಜಗಳಗಳೂ ಬಣ್ಣಗೆಟ್ಟುವು. ದೇಶಾಚಾರಗಳ ವಿರುದ್ಧವಾಗಿ ಪಾದ್ರಿಗಳು ಮಾಡಬೇಕಾಗಿದ್ದ ಪ್ರಮಾಣವನ್ನು ರೋಮು 1940ರಲ್ಲಿ ತೆಗೆದುಹಾಕಿತು. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನರು, ವೆಸ್ಲಿಯನರು, ಲಂಡನ್ ಮಿಷನ್ನಿನ ಸಭೆಗಳು ಮೊದಲಾದವರು ಮದರಾಸಿನಲ್ಲಿ ಕೂಡಿ ದಕ್ಷಿಣ ಇಂಡಿಯಾ ಸಭೆಯೆಂಬ ಒಂದೇ ಸಭೆಯಾದರು. ಗುಬ್ಬಿಯ ವೆಸ್ಲಿಯನರ ಸಭೆಯೂ ಅದರೊಳಗೇ ಸೇರಿತು. 1962ರಿಂದ 65ರವರೆಗೆ ರೋಮಿನಲ್ಲಿ ನಡೆದ ಮಹಾಸಭೆಯ ಮೇಲೆ ಕ್ಯಾಥೊಲಿಕರ ಬಲಿಪೂಜೆಯೂ ಲ್ಯಾಟಿನನ್ನು ಬಿಟ್ಟು ಕನ್ನಡಕ್ಕೆ ಬಂತು. ಸ್ವಾಮಿಗಳ ಸ್ನೇಹಿತನೂ ಅಯ್ಯನವರ ಸ್ನೇಹಿತನೂ ಈಗ ಬೈಬಲನ್ನು ಕನ್ನಡದಲ್ಲೇ ಓದುತ್ತಾರೆ.

ಕಳೆದ ಬೇಸಗೆಯಲ್ಲಿ ನಾವು ಮೂವರೂ ಹಾಸನದ ಕಡೆಗೆ ಹೋಗಿ ಶೆಟ್ಟಿಹಳ್ಳಿಯ ಇಗರ್ಜಿಯನ್ನು ನೋಡಿ ಬಂದೆವು. ದುಬ್ವಾ ಅವರ ಸಂಘದ ಮುಂದಿನ ತಲೆಮಾರಿನ ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ್ದು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಒಕ್ಕಲೆದ್ದು ಹೋಯಿತು. ಮಳೆಗಾಲದಲ್ಲಿ ಇಗರ್ಜಿಯ ಕಮಾನುಗಳವರೆಗೆ ನೀರು, ಬೇಸಗೆಯಲ್ಲಿ ಬಿರುಕುಬಿಟ್ಟ ಗೋಡು. ನಾವು ಹೋದಾಗ ಒಳಗೆ ಚಾವಣಿಯಿಲ್ಲದ ಗೋಡೆಗಳ ನಡುವೆ ದನ ಮೇಯುತ್ತಿದ್ದುವು. ಕ್ಯಾಥೊಲಿಕ್ ಸ್ನೇಹಿತನು ಪೂಜಾಪೀಠವಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಮಂಡಿಯೂರಿದ. ಇನ್ನೊಬ್ಬನು ಹೊರಗೆ ನಿಂತಿದ್ದವನು ಒಳಗೆ ಬಂದು, ಟೋಪಿ ತೆಗೆದು, ಅವನ ಪಕ್ಕದಲ್ಲಿ ನಿಂತ. ಆ ಅಣೆಯ ನೀರೇ ನಾಲೆಯಲ್ಲಿ ತಿಪಟೂರನ್ನು ದಾಟಿ ನಮ್ಮ ತುರುವೇಕೆರೆಯ ಕೆರೆಗಳಿಗೆ ಬರುತ್ತದೆ. ಸಂಜೆ ಬಸ್ಸಿನಿಂದಿಳಿದು ಮನೆಗೆ ಹೋದಾಗ ಅಪ್ಪ ತೆಂಗಿನ ಸಾಲಿಗೆ ನೀರು ಕಟ್ಟುತ್ತಿದ್ದರು.